ನಾಲ್ಕು ಹಿಡಿ ಉಪ್ಪು

ಗೋಕಾಕ
೬ ಮಾರ್ಚ್ ೧೯೩೮

ಅವ್ವನಿಗೆ ಪಾರವ್ವನ ಶರಣು.

ಎರಡು ವರ್ಷದ ಮೇಲೆ ಪತ್ರ ಬಂತೆಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಾನು ಸೋತು ಬರೆಯುತ್ತಿದ್ದೇನೆ ಅಂತಲೂ ತಿಳಿಯಬೇಡ. ಒಂದು ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾವು ಜಗಳಾಡಿದ ದಿನ ಕಬ್ಬಿನ ಗಾಣ ಹೂಡಿ ನಾಲ್ಕು ದಿನವೂ ಆಗಿರಲಿಲ್ಲ. ಅಪ್ಪ ಹೋದ ಮೇಲೆ ಅಳಿಯ ಮೂಡಲಗಿಗೇ ಬಂದು ಇರಲಿ, ಹೊಲ ನೋಡಿಕೊಳ್ಳಲಿ ಎಂದು ನೀನು ಹಟ ಹಿಡಿದೆ. ಹತ್ತಿ ಬಿಡಿಸುವ ಜಿನ್ನಿನ ಕಾರಕೂನ ಕೆಲಸ ಬಿಡುವುದಿಲ್ಲ ಎಂದು ಅವರು ಅಂದರು. ನಾನು ಅವರ ಕಡೆ ನಿಂತೆ. ನೀನು "ಹೋಗು, ನನ್ನ ಹೊಸ್ತಿಲಾ ತುಳಿಬ್ಯಾಡ" ಅಂದೆ. ಗಾಣದ ಮುಂದೆ ಕುಳಿತು ಕಬ್ಬು ಹಾಕುವುದು ಚಿಕ್ಕಂದಿನಿಂದ ನನ್ನ ಕೆಲಸ. ನಾನು "ಇನ್ನ ನಿನ್ನ ಗಾಣಕ್ಕ ನೀನ ಕಬ್ಬ ಹಾಕ್ಕೋ" ಅಂದು ಗಾಡಿ ಹತ್ತಿದೆ. ಇಬ್ಬರೂ ಆಡಿದ ಮಾತು ಉಳಿಸಿಕೊಂಡೆವು. ಅದು ಅಲ್ಲಿಗಿರಲಿ.

ಈಗ ಕೆಲಸದ ಮಾತು. ನಮ್ಮ ಓಣಿಯಲ್ಲಿ ಹದಿನಾಲ್ಕು ಹೆಣ್ಣುಹುಡುಗಿಯರಿದ್ದಾರೆ, ಒಬ್ಬಳೂ ಸಾಲಿಗೆ ಹೋಗುವುದಿಲ್ಲ. ಮುಲ್ಕಿ ಪರೀಕ್ಷೆ ಪಾಸಾದ ನಾನು ಒಲೆ ಊದುತ್ತ ಕೂತರೆ ಏನು ಬಂತು? ನಮ್ಮ ಪಡಸಾಲೆಯಲ್ಲಿ ದಿನಕ್ಕೆ ಎರಡು ತಾಸು ಅವರಿಗೆ ಕಲಿಸಬೇಕೆಂದು ನನಗೆ ಜೀವ ಹೋಗುವಷ್ಟು ಆಸೆ. ಅದಕ್ಕೆ ತಾಯಂದಿರು ಒಪ್ಪಬೇಕು. ತಾಯಂದಿರು ಒಪ್ಪಬೇಕಾದರೆ ಮುದಕವ್ವಾಯಿ ಒಪ್ಪಬೇಕು. ಓಣಿಗೆಲ್ಲ ಹಿರಿಯಳು, ಮೂರು ಮೊಮ್ಮಕ್ಕಳ ಅಜ್ಜಿ. ಆಕೆ ಹೂಂ ಅಂದರೆ ಊರು ಹೂಂ ಅಂದಂತೆ.

ಏಪ್ರಿಲ್ ಹದಿನೇಳು, ರವಿವಾರ, ಎಲ್ಲರನ್ನೂ ಮನೆಗೆ ಕರೆದಿದ್ದೇನೆ. ಇವರು ಅದಕ್ಕೆ ಪಾರ್ಟಿ ಅನ್ನುತ್ತಾರೆ. ಜಿನ್ನಿನ ಸಾಹೇಬರ ಮನೆಯಲ್ಲಿ ಹಾಗೆ ಮಾಡುತ್ತಾರಂತೆ, ಎಲೆ ಹಾಕುವುದಿಲ್ಲ, ನಿಂತುಕೊಂಡೇ ಒಂದೊಂದು ತುತ್ತಿನ ತಿನಿಸು ತಿನ್ನುತ್ತ ಮಾತಾಡುತ್ತಾರಂತೆ. ನನ್ನ ತೊಡಕು ಬೇರೆ. ಬರುವವರಲ್ಲಿ ಜೈನರಿದ್ದಾರೆ, ಆಚಾರ್ಯರ ಮನೆಯವರಿದ್ದಾರೆ, ಮರಾಠರಿದ್ದಾರೆ. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಅವರು ಮುಟ್ಟುವುದಿಲ್ಲ. ನೀರೂ ಬೆಂಕಿಯೂ ತಾಕದ್ದಾದರೆ ಅಡ್ಡಿಯಿಲ್ಲ ಎಂದಿದ್ದಾರೆ. ಆಗ ನಿನ್ನ ತುಂಬಿದ ಸೌತೆಕಾಯಿ ಉಪ್ಪಿನಕಾಯಿ ನೆನಪಾಯಿತು. ನಾನು ತುಂಬಿದ್ದೇನೆಯೇ ಹೊರತು ಉಪ್ಪು ಹಾಕಿದವಳಲ್ಲ. ಅಳತೆ ಬರೆದು ಕಳಿಸು.

ನೀನೇ ಬರೆ. ನಾನು ಪಾಟಿಯ ಮೇಲೆ ಕಲಿಸಿದ ಅಕ್ಷರ ಮರೆತಿಲ್ಲ ತಾನೆ?

ನಿನ್ನ ಮಗಳು,
ಪಾರವ್ವ


ಮೂಡಲಗಿ
೧೫ ಮಾರ್ಚ್ ೧೯೩೮

ಪಾರವ್ವಗ.

ಬರಿಯಾಕತ್ತಾಂವ ನಿಮ್ಮ ಮಾಮಾ ರಾಚಪ್ಪ, ಹೇಳಾಕತ್ತಾಕಿ ನಾನು. ನಾ ಹೆಂಗ ಮಾತಾಡ್ತೀನಿ ಹಂಗ ಬರಿ, ಪುಸ್ತಕದ ಭಾಷಾ ಹಾಕಬ್ಯಾಡ ಅಂತ ನನ್ನ ತಮ್ಮಗ ಹೇಳೇನಿ. ನಾನ ಯಾಕ ಬರೀಲಿಲ್ಲ ಅಂತ ಕೇಳಬ್ಯಾಡ. ಪುರಸೊತ್ತಿಲ್ಲ.

ಎರಡ ವರ್ಷ ಅವ್ವ ನೆನಪಾಗ್ಲಿಲ್ಲ, ಸೌತಿಕಾಯಿ ನೆನಪಾತು. ಆಗ್ಲಿ, ಸೌತಿಕಾಯಿಯರ ನೆನಪಾತಲ್ಲ. ಅಲ್ಲವಾ, ನಿಂತಗೊಂಡ ತಿನ್ನೂದಕ್ಕ ಪಾರ್ಟಿ ಅಂತಾರೇನು? ಹಂಗಾದ್ರ ನಮ್ಮ ಎತ್ತಿನ ಮನ್ಯಾಗ ದಿನಾ ಪಾರ್ಟಿ.

ಲಕ್ಷ್ಯಾ ಕೊಟ್ಟ ಕೇಳು. ಗೋಕಾಕದ ಪ್ಯಾಟ್ಯಾಗಿನ ಸೌತಿಕಾಯಿ ಬ್ಯಾಡ, ನೀರ ನೀರ ಇರತಾವ. ಘೋಡಗೇರಿ ಉದ್ದಪ್ಪನ ಗಾಡಿ ಏಪ್ರಿಲ್ ನಾಕನೇ ತಾರೀಖ ಸೋಮವಾರ ಆ ಕಡೆ ಬರತೈತಿ, ಹೊಳಿ ದಂಡಿ ಎಳಿ ಕಾಯಿ ಐವತ್ತ ಕಳಸ್ತೀನಿ. ತೊಳಿಬ್ಯಾಡ, ಒಣ ಅರಿವೀಲೆ ವರಸು. ಜಾಲಿ ಮುಳ್ಳಲೆ ಅಲ್ಲಲ್ಲಿ ಚುಚ್ಚಿ ಭರಣಿಗಿ ಹಾಕು. ಹರಳ ಉಪ್ಪು ನಾಕ ಹಿಡಿ. ನಾಕ ಅಂದ್ರ ನಾಕ, ಹಿಡಿ ಅಂದ್ರ ತುಂಬ ಹಿಡಿ, ಅಲ್ಲಿ ಜಿಪುಣತನಾ ಮಾಡಬ್ಯಾಡ. ಹಸಿ ಸಾಸಿವಿ ಒಂದ ವಾಟಿ ಕುಟ್ಟಿ ಹಾಕು, ಹತ್ತ ಲಿಂಬಿಕಾಯಿ ಹಿಂಡು. ಬಾಯಿಗಿ ಅರಿವಿ ಕಟ್ಟಿ ಬಿಸಲಾಗ ಇಡು. ಬಿಸಲ ಅದರ ಒಲಿ. ಭರಣಿ ಬಾಯಿ ತಗದ ತಗದ ನೋಡಬ್ಯಾಡ, ಸಣ್ಣಾಕಿದ್ದಾಗಿಂದ ನಿನಗ ಆ ಚಟಾ ಐತಿ.

ಪಾರ್ಟಿ ಹಿಂದಿನ ದಿನಾ ಗಟ್ಟಿ ಮೊಸರ ಅರಿವ್ಯಾಗ ಕಟ್ಟಿ ತೂಗ ಹಾಕು. ಮೊಸರಿಗಿ ಯಾವ ಜಾತಿಯವರೂ ಒಲ್ಲೆ ಅನ್ನಂಗಿಲ್ಲ. ಮುಂಜಾನೆದ್ದು ಕಾಯಿ ಹೆಬ್ಬಟ್ಟಿನಷ್ಟ ತುಂಡ ಮಾಡಿ ನಡುವಿನ ತಿರಳ ತಗಿ. ಮೊಸರಿಗಿ ಒಣಾ ಕೊಬ್ಬರಿ ತುರಿ, ಕುಟ್ಟಿದ ಹಸಿ ಎಳ್ಳು, ಜೀರಗಿ, ಕೊತ್ತಂಬರಿ ಕಲಸಿ ಅದರಾಗ ತುಂಬು. ಬಳ್ಳೊಳ್ಳಿ ಹಾಕಿಗೀಕೀ ಮತ್ತ, ಜೈನರ ಹೆಣ್ಣಮಕ್ಕಳ ಎದ್ದ ಹೋಗ್ತಾರ. ಬಂದವರ ಬಾಯಿಗಿ ಹೋಗೂಕಿಂತ ಮೊದಲ ನಿನ್ನ ಬಾಯಿಗಿ ಹಾಕ್ಕೋಬ್ಯಾಡ. ನಮ್ಮ ಅವ್ವನೂ ಹಂಗ ಮಾಡಿದ್ಲು, ನಾನೂ ಹಂಗ ಮಾಡೇನಿ.

ಹುಡಿಗ್ಯಾರಿಗಿ ಕಲಸೂದು ಛಲೋ ಕೆಲಸ. ನನಗ ಕಲಿಸಿದಂಗ ಬೈಬೈದ ಕಲಸಬ್ಯಾಡ.

ಹೇಳಿದಾಕಿ ಕಾಶೆವ್ವ
ಬರೆದವನು ರಾಚಪ್ಪ


ಗೋಕಾಕ
೬ ಏಪ್ರಿಲ್ ೧೯೩೮

ಅವ್ವನಿಗೆ ಪಾರವ್ವನ ಶರಣು.

ಸೌತೆಕಾಯಿ ಬಂದವು. ಉದ್ದಪ್ಪ ಕಾಕಾ ಬುಟ್ಟಿ ಇಳಿಸಿದವನು ಒಂದು ಗುಟುಕು ನೀರನ್ನೂ ಕುಡಿಯದೆ ಗಾಡಿ ಹೊಡೆದುಕೊಂಡು ಹೋದ. "ಅವ್ವ ಆರಾಮ ಅದಾಳೇನ್ರಿ ಕಾಕಾ" ಅಂತ ಕೇಳಿದರೆ "ಅದಾಳವಾ, ಅದಾಳ" ಅಂತ ಎತ್ತಿನ ಮುಖ ನೋಡಿದ. ಮೂಡಲಗಿಯವರು ಸಂತೆಯಲ್ಲಿ ಕಂಡರೆ ನಾನು ದಾರಿ ಬದಲಿಸುತ್ತೇನೆ, ನಿಜ. ಈಗ ಅವರೂ ನನ್ನ ಕಂಡರೆ ಹಾಗೆಯೇ ಮಾಡುತ್ತಾರೇನು?

ನೀನು ಹೇಳಿದಂತೆಯೇ ಭರಣಿ ತುಂಬಿ ಮಾಳಿಗೆಯ ಮೇಲೆ ಇಟ್ಟಿದ್ದೇನೆ. ಮುಟ್ಟಿಲ್ಲ, ಇಣುಕಿಲ್ಲ.

ಮಾಮಾನ ಅಕ್ಷರ ಮುತ್ತಿನ ಹಾಗೆ ಇವೆ. ನನಗೆ ಬೇಕಾಗಿದ್ದದ್ದು ನಿನ್ನ ಸೊಟ್ಟ ಅಕ್ಷರ. ಕೋರ್ಟಿಗೆ ಅರ್ಜಿ ಬರೆಸಿದಂತೆ ಮಗಳಿಗೆ ಪತ್ರ ಬರೆಸಿದ್ದೀ. ಹೋಗಲಿ ಬಿಡು. ಹದಿನೇಳಕ್ಕೆ ನೀನೂ ಬಾ. ನನ್ನ ಹೊಸ್ತಿಲು ತುಳಿಯಬೇಡ ಅಂತ ನಾನೇನೂ ಅಂದಿಲ್ಲವಲ್ಲ.

ನಿನ್ನ ಮಗಳು,
ಪಾರವ್ವ


ಗೋಕಾಕ
೧೯ ಏಪ್ರಿಲ್ ೧೯೩೮

ಅವ್ವನಿಗೆ.

ನೀನು ಬರಲಿಲ್ಲ. ಉತ್ತರವನ್ನೂ ಬರೆಸಲಿಲ್ಲ. ಬಾರದ್ದೇ ಒಳ್ಳೆಯದಾಯಿತು, ಬಂದಿದ್ದರೆ ನಿನ್ನ ಕೆಲಸ ಹೇಗೆ ಕೈಗೂಡಿತು ಎಂದು ಕಣ್ಣಾರೆ ನೋಡುತ್ತಿದ್ದೆ.

ಹನ್ನೊಂದು ಮನೆಯವರು ಬಂದಿದ್ದರು. ಹಿತ್ತಾಳೆಯ ಎರಡು ಪರಾತಗಳ ತುಂಬ ಹಸಿರು ತುಂಡುಗಳು, ನಡುವೆ ಬಿಳೀ ಮೊಸರು, ಮೇಲೆ ಕೊತ್ತಂಬರಿ. "ಎಷ್ಟ ಚಂದ ಮಾಡೀರಿ!" ಎಂದು ಆಚಾರ್ಯರ ಮನೆಯಾಕೆ ಅಂದಾಗ ನನಗೆ ಎದೆ ತುಂಬಿ ಬಂತು. ಅದು ನಮ್ಮ ಅವ್ವನದು ಅಂತ ಹೇಳಿದೆ. ಆ ಮಾತು ನನ್ನ ಬಾಯಿಂದ ಯಾಕೆ ಬಂತೋ!

ಮೊದಲು ಮುದಕವ್ವಾಯಿಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡವಳು ಹಾಗೇ ನಿಂತಳು, ಆಮೇಲೆ ಅಂಗಳಕ್ಕೆ ಹೋಗಿ ಉಗುಳಿದಳು. ಉಳಿದವರೂ ಒಬ್ಬೊಬ್ಬರಾಗಿ ಉಗುಳಿದರು. ಕಟುವಿಷ, ಅವ್ವಾ. ನಾಲಿಗೆ ಸುಟ್ಟುಹೋಗುವಷ್ಟು ಉಪ್ಪು. ಮುದಕವ್ವಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಸೌತಿಕಾಯಿಗಿ ಉಪ್ಪ ಎಷ್ಟ ಹಾಕಬೇಕಂತ ತಿಳೀದಾಕಿ ನಮ್ಮ ಹುಡಿಗ್ಯಾರಿಗಿ ಏನ ಕಲಸ್ತಾಳ? ನಡೀರೆವಾ, ಮನಿಗಿ ಹೋಗೂಣು" ಅಂದಳು. ಎಲ್ಲರೂ ಹೊರಟರು. ಅಲ್ಲವ್ವ ಎಂಬ ಜೈನರ ಹೆಣ್ಣುಮಗಳು ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತು, ನನ್ನ ಕೈ ಮುಟ್ಟಿ ಹೋದಳು. ಅದೇ ನನಗೆ ಹೆಚ್ಚು ಅಳು ತರಿಸಿತು.

ಉಪ್ಪು ಹಾಕುವಾಗಲೇ ನನಗೆ ಅನುಮಾನ ಬಂದಿತ್ತು. ಚಿಕ್ಕಂದಿನಲ್ಲಿ ನಿನ್ನ ಬಾಜೂ ಕುಳಿತು ನೋಡಿದ್ದೇನೆ, ಐವತ್ತು ಕಾಯಿಗೆ ನೀನು ಎರಡೇ ಹಿಡಿ ಹಾಕುತ್ತಿದ್ದೆ. ಆದರೂ ಅವ್ವ ನಾಲ್ಕು ಅಂದ ಮೇಲೆ ನಾಲ್ಕು ಎಂದು ಕಣ್ಣು ಮುಚ್ಚಿ ಹಾಕಿದೆ. ಮುಂಚೆ ರುಚಿ ನೋಡಬೇಡ ಅಂದೆ, ನೋಡಲಿಲ್ಲ. ನಿನ್ನ ಮಾತು ಮೀರಿ ಒಮ್ಮೆ ಹೋದವಳು, ಈ ಸಲ ಅಕ್ಷರ ಅಕ್ಷರ ಪಾಲಿಸಿದೆ.

ಬೇಕಂತಲೇ ಮಾಡಿದೆಯಾ? ಅಷ್ಟು ಸಿಟ್ಟು ಇತ್ತೆ? ನನ್ನ ಮೇಲೆ ಸಿಟ್ಟಿದ್ದರೆ ನನ್ನನ್ನು ಬೈ, ಹೊಡಿ. ಆ ಹುಡುಗಿಯರು ನಿನಗೆ ಏನು ಮಾಡಿದ್ದರು?

ಪಾರವ್ವ


ಹುಕ್ಕೇರಿ
೫ ಮೇ ೧೯೩೮

ಪಾರವ್ವನಿಗೆ ರಾಚಪ್ಪ ಮಾಮಾನ ಆಶೀರ್ವಾದ.

ಎತ್ತು ಕೊಳ್ಳಲು ಹುಕ್ಕೇರಿಗೆ ಬಂದಿದ್ದೇನೆ. ಮೂಡಲಗಿಯಲ್ಲಿ ಕುಳಿತು ಇದನ್ನು ಬರೆಯಲು ನನಗೆ ಧೈರ್ಯವಿಲ್ಲ, ನಿಮ್ಮವ್ವನ ಕಣ್ಣು ನನ್ನ ಲೆಕ್ಕಣಿಕೆಯ ಮೇಲೇ ಇರುತ್ತದೆ. ಈ ಪತ್ರ ಓದಿ ಸುಟ್ಟುಬಿಡು. ಸುಡದಿದ್ದರೂ ನಡೆದೀತು, ಎರಡು ವರ್ಷ ಬಾಯಿ ಕಟ್ಟಿಕೊಂಡು ನನಗೂ ಸಾಕಾಗಿದೆ.

ನೀನು ಹೋದ ಮೂರನೆಯ ವಾರ. ಗಾಣಕ್ಕೆ ಕಬ್ಬು ಹಾಕಲು ಗೊತ್ತು ಮಾಡಿದ್ದ ಹೆಣ್ಣಾಳು ಅಂದು ಬರಲಿಲ್ಲ. ನಾಳೆ ನೋಡೋಣ ಅಂತ ನಾನು ಅಂದೆ. ಕಡಿದ ಕಬ್ಬು ಒಣಗುತ್ತದೆ ಅಂತ ಅಕ್ಕ ತಾನೇ ನಿನ್ನ ಜಾಗದಲ್ಲಿ ಹೋಗಿ ಕುಳಿತಳು. ಹೊತ್ತು ಏರುವುದರೊಳಗೆ ಕಬ್ಬಿನ ಜೊತೆ ಕೈಯೂ ಉರುಳೆಯೊಳಗೆ ಹೋಯಿತು. ನಾನು ಎತ್ತು ನಿಲ್ಲಿಸುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದಿವೆ. ದವಾಖಾನೆಯಲ್ಲಿ ಒಂದು ತಿಂಗಳು ಇದ್ದಳು.

ನಿನಗೆ ಹೇಳಿಕಳಿಸುತ್ತೇನೆ ಅಂದದ್ದಕ್ಕೆ ಹಾಸಿಗೆಯಲ್ಲಿ ಎದ್ದು ಕುಳಿತು ಅಂದಳು: "ಅಕಿ ಹೋಗೂ ಮುಂದ ಒಂದ ಮಾತ ಅಂದ ಹೋಗ್ಯಾಳ. ಈಗ ಇದು ತಿಳೀತಂದ್ರ ಆ ಮಾತ ಅಕಿನ್ನ ಜೀವಂತ ತಿಂತೈತಿ. ಒಬ್ಬರರ ಬಾಯಿ ಬಿಟ್ರ ನೋಡ್ರಿ." ಓಣಿಯವರಿಗೆಲ್ಲ ಹಾಗೇ ಹೇಳಿದಳು. ಉದ್ದಪ್ಪ ನಿನ್ನ ಮನೆಯಲ್ಲಿ ನೀರು ಕುಡಿಯದೆ ಓಡಿಬಂದದ್ದು ಅದಕ್ಕೆ. ಅಕ್ಕ ನಿನಗೆ ತಾನೇ ಬರೆಯಲಿಲ್ಲವೇಕೆ ಎಂಬುದೂ ಈಗ ತಿಳಿದಿರಬೇಕು.

ಉಪ್ಪಿನ ಮಾತು ಹೇಳುತ್ತೇನೆ. ಮೊದಲು ಎರಡು ಹಿಡಿ ಹಾಕುತ್ತಿದ್ದಳು, ನಿನ್ನ ನೆನಪು ಸರಿ. ಮೂರು ಬೆರಳಿಲ್ಲದ ಕೈಯಲ್ಲಿ ಎಷ್ಟು ಉಪ್ಪು ನಿಂತೀತು? ಈಗ ನಾಲ್ಕು ಹಿಡಿ ಹಾಕಿದರೆ ಅಷ್ಟಾಗುತ್ತದೆ. ಎರಡು ವರ್ಷದಿಂದ ಹಾಗೆ ಹಾಕಿ ಹಾಕಿ, ತನ್ನ ಹಿಡಿ ಸಣ್ಣದಾಗಿದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಅವಳು ಹೇಳಿದಳು, ನಾನು ಬರೆದೆ. ಎದುರಿಗೆ ಆ ಕೈ ನೋಡುತ್ತ ಬರೆದವನಿಗೂ ಹೊಳೆಯಲಿಲ್ಲ. ನನ್ನಂಥ ಹೆಡ್ಡ ಇನ್ನೊಬ್ಬನಿಲ್ಲ.

ನಿನ್ನ ಸಿಟ್ಟಿನ ಪತ್ರ ಬಂದ ದಿನ ಅಕ್ಕ ತಾನೇ ಓದಿಕೊಂಡಳು. ಓದಿ, ಒಳಗೆ ಹೋಗಿ ಉಪ್ಪಿನ ಮಡಕೆಯ ಮುಂದೆ ಕುಳಿತಳು. ನನ್ನನ್ನು ಕರೆದು "ಒಂದ ಹಿಡಿ ತಗಿ" ಅಂದಳು. ತಾನೂ ಒಂದು ಹಿಡಿ ತೆಗೆದಳು. ಎರಡನ್ನೂ ನೋಡಿದಳು. ನಾನು ಆ ಕ್ಷಣವೇ ಲೆಕ್ಕಣಿಕೆ ತೆಗೆದೆ, ಅವಳು ಕಸಿದುಕೊಂಡಳು. "ಬ್ಯಾಡೋ. ಅವ್ವ ಬೇಕಂತ ಮಾಡ್ಯಾಳಂತ ತಿಳ್ಕೊಳ್ಳಿ. ಸಿಟ್ಟಾದ್ರ ಆಗ್ಲಿ, ಅಳೂದು ಬ್ಯಾಡ" ಅಂದಳು. ಅಂದಿನಿಂದ ಸರಿಯಾಗಿ ಉಂಡಿಲ್ಲ.

ನಾನು ಮಾತು ತಪ್ಪಿದೆ, ಅಕ್ಕ ಬೈಯಲಿ. ನೀನು ಮಾತ್ರ ಪತ್ರ ಬರೆಯಬೇಡ. ಬಂದುಬಿಡು.

ನಿನ್ನ ಮಾಮಾ,
ರಾಚಪ್ಪ


ಮೂಡಲಗಿ
೧೪ ಮೇ ೧೯೩೮

ಮನೆಯವರಿಗೆ ಪಾರವ್ವನ ಶರಣು.

ಸುಖವಾಗಿ ಬಂದು ಮುಟ್ಟಿದೆ. ಬಂದೊಡನೆ ಬರೆಯುತ್ತೇನೆ ಅಂದಿದ್ದೆ, ಎರಡು ದಿನ ಕೈ ಏಳಲಿಲ್ಲ.

ಗಾಡಿ ನಿಂತಾಗ ಅವ್ವ ಕಟ್ಟೆಯ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದಳು. ನನ್ನ ನೋಡಿದವಳೇ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಬಾಗಿಲ ಮುಂದೆ ನಿಂತು, "ಹೊಸ್ತಿಲಾ ತುಳಿಬ್ಯಾಡ ಅಂದಿದ್ದಿ, ಹೆಂಗ ಬರ್ಲಿ?" ಅಂದೆ. "ಹಿತ್ತಲ ಬಾಗಲ ಅದಕ್ಕ ಐತಿ, ಆ ಕಡಿಂದ ಬಾ" ಅಂದಳು. ನಿಮ್ಮ ಅತ್ತೆ ಹಟದಲ್ಲಿ ಸ್ವಲ್ಪವೂ ಬದಲಾಗಿಲ್ಲ. ನಾನು ಮನೆ ಸುತ್ತಿಕೊಂಡು ಹಿತ್ತಲಿನಿಂದಲೇ ಒಳಗೆ ಹೋದೆ. ಮಾಮಾ ದನದ ಕೊಟ್ಟಿಗೆಯಲ್ಲಿ ಅಡಗಿ ನಿಂತಿದ್ದರು.

ಕೈ ತೋರಿಸು ಅಂದರೆ ತೋರಿಸಲಿಲ್ಲ. ಆಗ ನಾನು ಉಪ್ಪಿನ ಮಡಕೆಯನ್ನು ಅವಳ ಮುಂದೆ ಇಟ್ಟೆ. "ನಾಕ ಹಿಡಿ ಅಂದ್ರ ಎಷ್ಟು? ಹಾಕಿ ತೋರ್ಸು" ಅಂದೆ. ಕೊನೆಗೆ ಕೈ ಹೊರಗೆ ತೆಗೆದಳು. ಹೆಬ್ಬೆರಳು, ಕಿರುಬೆರಳು, ನಡುವೆ ಹೊಲಿದ ಗುರುತು. ಅಂಗೈಯನ್ನು ಉಪ್ಪಿನೊಳಗೆ ಅದ್ದಿ, ಚೆಲ್ಲದ ಹಾಗೆ ಎದೆಗೆ ಒತ್ತಿಕೊಂಡು, ತಾಟಿಗೆ ನಾಲ್ಕು ಸಲ ಹಾಕಿದಳು. ನಾನು ಇನ್ನೊಂದು ತಾಟಿಗೆ ನನ್ನ ಕೈಯಿಂದ ಎರಡು ಹಿಡಿ ಹಾಕಿದೆ. ಎರಡೂ ಗುಪ್ಪೆ ಸಮ ಇದ್ದವು.

"ನೋಡು, ನಾ ಸುಳ್ಳ ಹೇಳಿಲ್ಲ" ಅಂದಳು ಅವ್ವ.

ನಾನು ಅತ್ತೆ. ಆ ಕೈಯನ್ನು ಉಪ್ಪಿನ ಸಮೇತ ಮುಖಕ್ಕೆ ಒತ್ತಿಕೊಂಡು ಅತ್ತೆ. "ನಾ ಅಂದ ಮಾತಿಗಿ ಹಿಂಗಾತವ್ವಾ" ಅಂದರೆ ಅವಳು ನನ್ನ ತಲೆಗೆ ಒಂದು ಮೊಟಕಿದಳು. "ಹುಚ್ಚಿ, ಮಾತಿಗಿ ಎಲ್ಲೆರೆ ಬೆರಳ ಹೋಗ್ತಾವೇನು? ಬೆಳ್ಳಿ ಕಡಗ ಸಡ್ಲಿತ್ತು, ತಗದ ಇಡಬೇಕಾಗಿತ್ತು, ಇಡಲಿಲ್ಲ, ಉರುಳ್ಯಾಗ ಸಿಕ್ಕೊಂತು. ಅಷ್ಟ" ಅಂದಳು. ಅಂದು ಅವಳೂ ಅತ್ತಳು. ಹೊರಗೆ ಮಾಮಾ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು.

ಈಗ ಒಂದು ಕೆಲಸ ಮಾಡಿರಿ. ಮೇ ಇಪ್ಪತ್ತೊಂಬತ್ತು ರವಿವಾರ ಓಣಿಯವರನ್ನು ಮತ್ತೊಮ್ಮೆ ಬರಹೇಳಿರಿ. ಮುದಕವ್ವಾಯಿ ಬರುವುದಿಲ್ಲ ಅಂದರೆ, ಉಪ್ಪಿನ ಅಳತೆ ಹೇಳಿದಾಕೆ ಮೂಡಲಗಿಯಿಂದ ಬರುತ್ತಾಳೆ ಅಂತ ಹೇಳಿರಿ. ಅವ್ವನೇ ನಿಮಗೆ ಹೀಗೆ ಬರೆ ಅಂದಿದ್ದಾಳೆ. ಸೌತೆಕಾಯಿ ಇವತ್ತೇ ಭರಣಿಗೆ ಹಾಕಿದ್ದೇವೆ. ಅವ್ವ ನಿಂತು ನೋಡಿದಳು, ಉಪ್ಪು ನಾನು ಹಾಕಿದೆ.

ನಿಮ್ಮ,
ಪಾರವ್ವ


ಮೂಡಲಗಿ
೨೦ ಜೂನ್ ೧೯೩೮

ಪಾರವ್ವಗ ಅವ್ವನ ಆಶೀರ್ವಾದ.

ಇದು ನನ್ನ ಎಡಗೈ. ರಾಚಪ್ಪಗ ಮುಟ್ಟಗೊಟ್ಟಿಲ್ಲ. ಮೂರ ದಿನಾ ಹಿಡದೈತಿ. ಸಾಲ ಸೊಟ್ಟ ಅದಾವ, ನಗಬ್ಯಾಡ. ಸೊಟ್ಟ ಅಕ್ಷರಾನ ಬೇಕಂದಾಕಿ ನೀನ.

ಗೋಕಾಕದಿಂದ ಬಂದ ಮ್ಯಾಲ ಮನಿ ಬಣಬಣಾ ಅನ್ನಾಕತ್ತೈತಿ. ನಿಮ್ಮ ಮುದಕವ್ವಾಯಿ ಛಲೋ ಹೆಣಮಗಳು. ಅವತ್ತ ಎರಡನೇ ಪಾರ್ಟ್ಯಾಗ ನಾ ಪರಾತ ಹಿಡದ ಅಕಿ ಮುಂದ ನಿಂತಾಗ ನನ್ನ ಕೈ ನೋಡಿ ಸೆರಗ ಬಾಯಿಗಿ ಹಿಡದ್ಲು. "ನನ್ನ ಹಿಡಿಲೆ ಹೇಳಿದ್ನಿ, ಅಕಿ ತನ್ನ ಹಿಡಿಲೆ ಹಾಕಿದ್ಲು, ತಪ್ಪ ಅಕೀದಲ್ರಿ. ಈಗ ತಿಂದ ನೋಡ್ರಿ" ಅಂದ್ನಿ. ಒಂದ ತಿಂದ್ಲು, ಮತ್ತೊಂದ ತಗೊಂಡ್ಲು. ಎಷ್ಟ ತಿಂದ್ಲಂತ ನೀ ನೋಡಿಲ್ಲ, ಏಳ ತಿಂದ್ಲು.

ಮೂರೂ ಮೊಮ್ಮಕ್ಕಳ್ನ ನಿನ್ನ ಕಡೆ ಕಲಿಯಾಕ ಕಳಸ್ಯಾಳಂತ ಉದ್ದಪ್ಪ ಹೇಳಿದ. ಒಟ್ಟ ಒಂಬತ್ತ ಹುಡಿಗ್ಯಾರ ಬರತಾರಂತ. ಭಾಳ ಖುಷಿ ಆತು.

ಆ ಹೊಸ್ತಿಲದ ಮಾತ ನಾ ಹಿಂದ ತಗೊಂಡೇನಿ. ಇನ್ನ ಮ್ಯಾಲ ಮುಂದಿನ ಬಾಗಲದಿಂದ ಬಾ.

ಒಂದ ಕೆಲಸ ಐತಿ. ನಿನ್ನ ಸಾಲಿ ಹಾಜರಿ ಪಟ್ಟ್ಯಾಗ ಒಂಬತ್ತ ಹೆಸರ ಆದ ಮ್ಯಾಲ ಹತ್ತನೇದ್ದು ನನ್ನ ಹೆಸರ ಬರಕೋ. ದಿನಾ ಒಂದ ಸಾಲ ಬರದ ಕಳಸ್ತೀನಿ, ನೀ ತಿದ್ದಿ ಕಳಸು. ಮೊದಲ ಕಲಸೂ ಮುಂದ ನೀ ನನ್ನ ಬಲಗೈ ಹಿಡದ ತೀಡಿಸಿದ್ದಿ. ಈಗ ಎಡಗೈಗಿ ಹೇಳವರ ಯಾರೂ ಇಲ್ಲ.

ನಿಮ್ಮವ್ವ,
ಕಾಶೆವ್ವ